ಬೆಲ್ಲ ಜಾಸ್ತಿಯಾದ ಗೊಬ್ಬರದ ಟೀ

ಸಿದ್ದೇಶ್ವರ ಯಾರನ್ನಾದರೂ ಹೊಡೆಯುವ ಮುಂಚೆ ಕೈಗಡಿಯಾರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಮದುವೆಯಲ್ಲಿ ಮಾವ ಕೊಟ್ಟ ಗಡಿಯಾರ. ಅದಕ್ಕೆ ಪೆಟ್ಟಾಗಬಾರದೆಂಬ ಕಾಳಜಿ. ಅದೇ ಮಾವ ಕೊಟ್ಟ ಮಗಳ ವಿಷಯದಲ್ಲಿ ಇಂಥ ಕಾಳಜಿ ಕಂಡವರಿಲ್ಲ.

ಕೊಣನೂರಿಗೆ ಹತ್ತಿರದ ಆ ಊರಿನಲ್ಲಿ ಅವನ ಕೈಗೆ ಸಿಕ್ಕದೆ ಉಳಿದವರು ಕಡಿಮೆ. ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ ಎಂದ ಬಸ್ಸಿನ ಕಂಡಕ್ಟರು, ಸಂತೆಯಲ್ಲಿ ಕಾಲು ತುಳಿದ ಎತ್ತಿನ ವ್ಯಾಪಾರಿ, ಆಮೇಲೆ ಆ ವ್ಯಾಪಾರಿಯ ಎತ್ತು. ಊರವರು ಅವನ ಕೋಪವನ್ನು ಮಳೆಯ ಹಾಗೆ ನೋಡುತ್ತಿದ್ದರು. ಬಂದಾಗ ಜಗಲಿ ಹತ್ತಿ ನಿಲ್ಲುವುದು. ನಿಂತ ಮೇಲೆ ಕೆಳಗಿಳಿದು, ಈ ಸಲ ಜೋರಾಗೇ ಬತ್ತು ಎನ್ನುವುದು. "ಮನ್ಸ ಒಳ್ಳೇನೆ ಕಣ್ಲಾ, ಕೈ ವಸಿ ಮುಂದು ಅಷ್ಟೆ" ಎಂಬುದು ಹಿರಿಯರ ಅಭಿಪ್ರಾಯ. ಹಿರಿಯರನ್ನು ಅವನು ಹೊಡೆಯುತ್ತಿರಲಿಲ್ಲ.

ಅಣ್ಣತಮ್ಮಂದಿರು ಭಾಗವಾದಾಗ ಸಿದ್ದೇಶ್ವರನಿಗೆ ಹೊಗೆಸೊಪ್ಪಿನ ಬ್ಯಾರನ್ ಬಂತು. ತಮ್ಮ ಶಿವಕುಮಾರನಿಗೆ ಆ ಬ್ಯಾರನ್ನಿನ ಗೋಡೆಗೆ ತಾಗಿದ ತುಂಡು ಹೊಲ ಬಂತು, ಜೊತೆಗೆ ಹೆಗಲ ಮೂಳೆಯ ಮುರಿತವೂ ಬಂತು. "ಬ್ಯಾರನ್ನಲ್ಲಿ ನಂಗೂ ಅರ್ಧ ಅಲ್ವಾ ಅಣ್ಣ?" ಎಂದು ಪಂಚಾಯ್ತಿದಾರರ ಮುಂದೆ ಒಂದೇ ಒಂದು ಸಲ ಕೇಳಿದ್ದ. ಗಡಿಯಾರ ಜೇಬಿಗೆ ಹೋಗುವುದನ್ನು ಕಂಡ ಪಂಚಾಯ್ತಿದಾರರು ಎಲೆಅಡಿಕೆ ತಟ್ಟೆಯನ್ನು ಬೇಗ ಪಕ್ಕಕ್ಕೆ ಸರಿಸಿದರು. ತಟ್ಟೆಗೆ ಏನೂ ಆಗಲಿಲ್ಲ.

ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಹಸಿ ಸೊಪ್ಪನ್ನು ಉದ್ದನೆಯ ಕಡ್ಡಿಗಳಿಗೆ ದಾರದಿಂದ ಕಟ್ಟಿ ಒಳಗಿನ ತೊಲೆಗಳಿಗೆ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ, ನೆಲದ ಮೇಲೆ ಹಾಯ್ದ ತಗಡಿನ ಕೊಳವೆ ಕಾದು ಸೊಪ್ಪು ಹದಕ್ಕೆ ಬರುತ್ತದೆ. ಕಡ್ಡಿ ಕಟ್ಟುವುದು ಹೆಂಗಸರ ಕೆಲಸ. ಭಾಗವಾದರೂ ಆ ಕೆಲಸ ಮಾತ್ರ ಭಾಗವಾಗಲಿಲ್ಲ. ಸಿದ್ದೇಶ್ವರನ ಹೆಂಡತಿ ನೀಲಾಂಬಿಕೆ, ಶಿವಕುಮಾರನ ಹೆಂಡತಿ ಪ್ರೇಮಕುಮಾರಿ ಇಬ್ಬರೂ ಎದುರುಬದುರು ಕೂತು ಕಟ್ಟಬೇಕು. ಸೊಪ್ಪಿನ ಅಂಟು ಕೈಗೆ ಕರ್ರಗೆ ಹಿಡಿದರೆ ಸೋಪಿಗೂ ಹುಣಸೆಹಣ್ಣಿಗೂ ಜಗ್ಗುವುದಿಲ್ಲ. ಆ ಕೈಯಲ್ಲಿ ಕಲೆಸಿದ ಅನ್ನ ಕಹಿ, ಹಚ್ಚಿದ ವಿಭೂತಿಯೂ ಕರಿ.

ಹೋದ ವರ್ಷ ಪ್ರೇಮಕುಮಾರಿಯ ಕೈಯಿಂದ ಒಂದು ಕಡ್ಡಿ ಜಾರಿ ಕೊಳವೆಯ ಮೇಲೆ ಬಿತ್ತು. ಹಾಗೆ ಬಿದ್ದ ಸೊಪ್ಪಿಗೆ ಬೆಂಕಿ ಹತ್ತಿದರೆ ಇಡೀ ಬ್ಯಾರನ್ ಬೂದಿಯಾಗುತ್ತದೆ. ಹಾಗೆಂದು ಸಿದ್ದೇಶ್ವರ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಒಲೆಯನ್ನು ಇನ್ನೂ ಹಚ್ಚಿಯೇ ಇರಲಿಲ್ಲ, ಮತ್ತು ಅವನು ಹೇಳಿದ್ದು ಅದೇ ಕಡ್ಡಿಯಿಂದ. ಬೆನ್ನಿನ ಮೇಲೆ ಕಡ್ಡಿ ಮುರಿಯುವ ತನಕ ಹೇಳಿದ. ಮುರಿದ ಮೇಲೆ ಇನ್ನೊಂದು ತೆಗೆದುಕೊಂಡ; ಬ್ಯಾರನ್ನಿನಲ್ಲಿ ಕಡ್ಡಿಗೇನು ಬರ. ಕೊನೆಗೆ ಜಡೆ ಹಿಡಿದು ಹೊಸ್ತಿಲ ಆಚೆಗೆ ಎಳೆದು ಹಾಕಿದ. ಹೊಸ್ತಿಲ ಕಲ್ಲಿಗೆ ಅವಳ ಹುಬ್ಬು ಸೀಳಿತು.

ಇಷ್ಟು ಹೊತ್ತೂ ನೀಲಾಂಬಿಕೆ ತಲೆ ಎತ್ತದೆ ಸೊಪ್ಪು ಕಟ್ಟುತ್ತಲೇ ಇದ್ದಳು. ನಡುವೆ ಕೈಬಿಟ್ಟರೆ ದಾರ ಬಿಚ್ಚಿಕೊಳ್ಳುತ್ತದೆ, ಮೊದಲಿಂದ ಕಟ್ಟಬೇಕಾಗುತ್ತದೆ.

ಪ್ರೇಮಕುಮಾರಿ ಎದ್ದಳು. ರಕ್ತವನ್ನು ಸೆರಗಿಗೆ ಒರೆಸಿಕೊಂಡು ಗಂಡನಿಗೆ ಹೇಳಿದಳು: "ಸತ್ರೂ ಇನ್ನ ನಾನು ಆ ಬಾಗ್ಲು ದಾಟಲ್ಲ ಕಣ್ರೀ. ಎಣ ತಕಬಂದು ಒಳಗಿಟ್ರೂ ಎದ್ದೋಯ್ತೀನಿ."

ಅವಳ ತಮ್ಮ ರಜನೀಶನಿಗೆ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ. ಸುದ್ದಿ ತಿಳಿದು ಇಬ್ಬರು ಸ್ನೇಹಿತರೊಂದಿಗೆ ಟೆಂಪೋದಲ್ಲಿ ಬಂದ. ಮಾತಾಡಿ ಬಗೆಹರಿಸಿಕೊಳ್ಳಲು ಬಂದಿದ್ದೇವೆ ಎಂದರು. ಮಾತಿಗೆಂದು ತಂದಿದ್ದ ದೊಣ್ಣೆಗಳು ಗಾಡಿಯ ಹಿಂದುಗಡೆ ಕಾಣುತ್ತಿದ್ದವು. ಸಿದ್ದೇಶ್ವರ ಗಡಿಯಾರ ಬಿಚ್ಚಿದ. ಮೊದಲ ಸ್ನೇಹಿತನ ಮೂಗಿಗೆ ಹಣೆಯಿಂದ ಗುದ್ದಿದ, ಎರಡನೆಯವನು ಗುದ್ದಿಸಿಕೊಳ್ಳುವಷ್ಟು ಹೊತ್ತು ನಿಲ್ಲಲಿಲ್ಲ. ರಜನೀಶ ನಿಂತ. ಇಬ್ಬರೂ ತಿಪ್ಪೆಯ ಮೇಲೆ ಉರುಳಾಡಿದರು. ರಜನೀಶ ಎದ್ದಾಗ ಬಲಕಿವಿಯ ತುದಿ ಇರಲಿಲ್ಲ. ಅದು ಸಿದ್ದೇಶ್ವರನ ಬಾಯಲ್ಲಿತ್ತು. ಅವನು ಎಲೆಅಡಿಕೆ ಉಗಿದ ಹಾಗೆ ಅದನ್ನು ಉಗಿದು, ಬಾಯಿ ಮುಕ್ಕಳಿಸಲು ಹೆಂಡತಿಯಿಂದ ನೀರು ತರಿಸಿಕೊಂಡ.

ಆ ಜಯದ ಸಂತೋಷದಲ್ಲಿ ಅವನು ಉದಾರಿಯಾದ. ಪ್ರೇಮಕುಮಾರಿ ತುಂಡು ಹೊಲದಲ್ಲಿ ಸೇವಂತಿಗೆ ಹಾಕುತ್ತಾಳಂತೆ ಎಂದು ಕೇಳಿ ಜಗಲಿಯ ಮೇಲೆ ಕೂತು ನಕ್ಕ.

"ಆಕ್ಲಿ ಬುಡ್ಲಾ ಶಿವಾ. ಮಾರ್ನಮಿಗೆ ಹೂವ ಬುಡುಸ್ಲಿ, ಬ್ಯಾರನ್ ಸಾವಾಸ್ವೇ ಬ್ಯಾಡ ಅವ್ಳಿಗೆ. ಬುಡುಸ್ನಿಲ್ವೋ, ಮಾರ್ನೆ ದಿನ್ವೇ ಬಂದು ಕಡ್ಡಿ ಕಟ್ಬೇಕು. ಸಾಯಗಂಟ ಕಟ್ಬೇಕು. ಆಯ್ತೇನ್ಲಾ?"

"ಆಯ್ತಣ್ಣ" ಎಂದ ಶಿವಕುಮಾರ. ಅಣ್ಣನ ಮುಂದೆ ಅವನಿಗೆ ಬರುತ್ತಿದ್ದ ಮಾತು ಅದೊಂದೇ. ಹೆಂಡತಿಯ ಇಡೀ ಆಯುಸ್ಸನ್ನು ಹೀಗೆ ಪಣಕ್ಕಿಟ್ಟು, ಅವಳಿಗೆ ರಾತ್ರಿ ಊಟದ ಹೊತ್ತಿಗೆ ತಿಳಿಸಿದ.

ಪ್ರೇಮಕುಮಾರಿ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. "ಸರಿ" ಎಂದಳು.

ಸೇವಂತಿಗೆಯ ಮರಿಗಿಡಗಳನ್ನು ತವರಿನಿಂದ ತಂದು ನೆಟ್ಟಳು. ಹೊಗೆಸೊಪ್ಪು ಹೀರಿಬಿಟ್ಟ ಮಣ್ಣು, ಗಿಡ ಏಳಲೊಲ್ಲದು. ಆಗ ಫೋನಿನಲ್ಲಿ ಹಾಸನದ ಯಾರೋ ಹೆಂಗಸು ಮಹಡಿಯ ಮೇಲೆ ಹೂಗಿಡ ಬೆಳೆಸುವ ವಿಡಿಯೋ ಸಿಕ್ಕಿತು. ಕಳಿತ ಗೊಬ್ಬರವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನ ಡ್ರಮ್ಮಿನಲ್ಲಿ ಇಳಿಬಿಡಿ, ಒಂದು ಹಿಡಿ ಬೆಲ್ಲ ಹಾಕಿ, ಮೀನಿನ ತೊಟ್ಟಿಗೆ ಇಡುವ ಪಂಪಿನಿಂದ ಗಾಳಿ ಕೊಡಿ. ಮಾರನೆಯ ದಿನ ಟೀ ರೆಡಿ. ನೀರು ಬೆರೆಸಿ ಬುಡಕ್ಕೆ ಹಾಕಿ. ಗಾಳಿ ಮಾತ್ರ ನಿಲ್ಲಬಾರದು, ನಿಂತರೆ ಹುಳಿಯಾಗುತ್ತದೆ, ಡ್ರಮ್ ಮುಚ್ಚಲಂತೂ ಕೂಡದು ಎಂದು ಆ ಹೆಂಗಸು ಬೆರಳೆತ್ತಿ ಹೇಳಿದ್ದಳು.

ಕಿವಿಗೆ ಹೊಲಿಗೆ ಹಾಕಿಸಿಕೊಂಡ ರಜನೀಶ ಪಂಪನ್ನೂ, ಕಬ್ಬಿಣದ ಪಟ್ಟಿಯ ಮುಚ್ಚಳವಿದ್ದ ನೀಲಿ ಡ್ರಮ್ಮನ್ನೂ ಬಸ್ಸಿನ ಮೇಲೆ ಹಾಕಿ ಕಳಿಸಿದ, ತಾನು ಬರಲಿಲ್ಲ. ಡ್ರಮ್ಮಿಗೆ ನೆರಳಿದ್ದದ್ದು ಬ್ಯಾರನ್ನಿನ ಗೋಡೆಯ ಪಕ್ಕ ಮಾತ್ರ. ಅಲ್ಲೇ ಇಟ್ಟಳು. ತಿಪ್ಪೆಯ ತಳದಿಂದ ಕಾಫಿಪುಡಿಯಂಥ ಹಳೆ ಗೊಬ್ಬರವನ್ನು ಬಗೆದು ತಂದು ಶಿವಕುಮಾರನ ಹಳೆ ಪಂಚೆಯಲ್ಲಿ ಗಂಟು ಕಟ್ಟಿದಳು.

ದಾರಿಯಲ್ಲಿ ಹೋಗುವವರಿಗೆ ಒಳ್ಳೆಯ ತಮಾಷೆ ಸಿಕ್ಕಿತು. ಸರ್ಕಲ್ಲಿನ ಹೋಟೆಲ್ ರಂಗಸ್ವಾಮಿ ಬೇಲಿಗೆ ಸೈಕಲ್ ಒರಗಿಸಿ ಬಗ್ಗಿ ನೋಡಿದ.

"ಏನಕ್ಕ, ಗಿಡಕ್ಕೆ ಟೀ ಅಂತೆ? ಬನ್ನು ಬ್ಯಾಡ್ವಾ?"

"ನಿನ್ ಬನ್ನು ತಿಂದ್ರೆ ಸತ್ತೋಯ್ತವೆ ಕಣಣ್ಣ."

"ಅಲ್ಲಾ, ಬಣ್ಣ ಮಾತ್ರ ನಮ್ಮಂಗ್ಡಿ ಟೀಗಿಂತ ಚೆನ್ನಾಗದೆ ಬುಡು."

"ವಾಸ್ನೇನೂ ಚೆನ್ನಾಗದೆ, ಬಾ, ಮೂಸ್ನೋಡು."

ನಿಜಕ್ಕೂ ವಾಸನೆ ಕೆಟ್ಟದಿರಲಿಲ್ಲ. ಮೊದಲ ಮಳೆ ಬಿದ್ದ ಹೊಲದ ವಾಸನೆ. ವಾರಕ್ಕೊಂದು ಡ್ರಮ್ ಕುಡಿದು ಗಿಡಗಳು ಕಪ್ಪಗೆ ದಟ್ಟವಾದವು, ಭಾದ್ರಪದದಲ್ಲಿ ಕವಲು ಕವಲಿಗೂ ಮೊಗ್ಗು ಕಚ್ಚಿದವು. ನೀಲಾಂಬಿಕೆ ಒಲೆಗೆ ಸೌದೆ ತಳ್ಳಲು ಬಂದಾಗಲೆಲ್ಲ ಬೇಲಿಯಾಚೆಯಿಂದ ನೋಡಿ ಹೋಗುತ್ತಿದ್ದಳು. ಒಂದು ಸಲ ಮಾತ್ರ, "ಮೊಗ್ಗು ಬೋ ಚೆಂದಾಗವೆ ಕಣೆ ಪ್ರೇಮ" ಎಂದು, ಹಿಂದೆ ಯಾರೂ ಇಲ್ಲವೆಂದು ತಿರುಗಿ ಖಾತ್ರಿ ಮಾಡಿಕೊಂಡಳು.

ಸಿದ್ದೇಶ್ವರನಿಗೂ ಮೊಗ್ಗು ಕಂಡಿತು. ಕಂಡ ದಿನದಿಂದ ಅವನಿಗೆ ಡ್ರಮ್ಮಿನಿಂದ ಸತ್ತ ಇಲಿಯ ವಾಸನೆ ಬರತೊಡಗಿತು.

ಅಷ್ಟರಲ್ಲಿ ಪ್ರೇಮಕುಮಾರಿ, ಅಮ್ಮನಿಗೆ ಹುಷಾರಿಲ್ಲವೆಂದು ತವರಿಗೆ ಹೊರಟಳು. ಡ್ರಮ್ಮಿನಲ್ಲಿ ಹೊಸ ಟೀ ಇತ್ತು. "ನಾಳೆ ಬುಡಕ್ಕಾಕ್ಬುಡಿ, ಪಂಪ್ ಆರುಸ್ಬ್ಯಾಡಿ" ಎಂದು ಗಂಡನಿಗೆ ಹೇಳಿ ಹೋದಳು. ಅವಳ ಬಸ್ಸು ಅರಕಲಗೂಡು ದಾಟುವಷ್ಟರಲ್ಲಿ ಲೈನಿನ ಮೇಲೆ ಮರ ಬಿದ್ದು ಊರಿನ ಕರೆಂಟು ಹೋಯಿತು. ಪಂಪ್ ನಿಂತಿತು. ಮಾರನೆಯ ದಿನಕ್ಕೆ ಡ್ರಮ್ಮಿನಿಂದ ನಿಜವಾಗಿಯೂ ಸತ್ತ ಇಲಿಯ ವಾಸನೆ ಎದ್ದಿತು. ಸಿದ್ದೇಶ್ವರ ಅಷ್ಟು ದಿನ ಹೇಳುತ್ತಿದ್ದ ಸುಳ್ಳನ್ನು ವಿದ್ಯುತ್ ಇಲಾಖೆ ನಿಜ ಮಾಡಿಕೊಟ್ಟಿತು.

ಅವನು ಗುದ್ದಲಿಯ ಕಾವು ಹಿಡಿದು ಬಂದ.

"ಲೇ ಶಿವಾ! ಒಳಗ್ ಸೊಪ್ಪು ಬೇಯ್ತಾ ಅದೆ. ಈ ಎಣದ್ ವಾಸ್ನೆ ಸೊಪ್ಪಿಗ್ ಹತ್ತಿದ್ರೆ ಹರಾಜಲ್ಲಿ ಯಾವನ್ಲಾ ಮೂಸ್ತಾನೆ ಅದ?"

"ಕರೆಂಟ್ ಬಂದೇಟ್ಗೆ ಸರಿಯಾಯ್ತದಂತಣ್ಣ..."

ಗಡಿಯಾರ ಜೇಬಿಗೆ ಹೋಯಿತು. ಕಾವು ಮೊದಲು ಮೊಣಕಾಲ ಹಿಂದಕ್ಕೆ ಬಿತ್ತು, ಶಿವಕುಮಾರ ಕುಸಿದ ಮೇಲೆ ಪಕ್ಕೆಗೆ ಬಿತ್ತು. ಹಿಂದೆ ಮುರಿದು ಕೂಡಿದ್ದ ಹೆಗಲನ್ನು ಅವನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಸಿದ್ದೇಶ್ವರ ಆ ಕೈಯ ಬೆರಳುಗಳಿಗೇ ಹೊಡೆದ. ಒಂದು ಬೆರಳು ಹಿಂದಕ್ಕೆ ಬಾಗಿ ಹಾಗೆಯೇ ನಿಂತಿತು.

"ನಾಡಿದ್ದು ಬತ್ತೀನಿ. ಮೂಗಿಗೆ ವಾಸ್ನೆ ಬಂತೋ, ಡ್ರಮ್ ಸೀಳಾಕ್ಬುಟ್ಟು ಈ ಗಿಡ್ವೆಲ್ಲ ಕಿತ್ತು ಒಲೆಗಾಕ್ತೀನಿ. ಆಮ್ಯಾಕೆ ನಿನ್ನೂ."

"ಆಯ್ತಣ್ಣ" ಎಂದ ಶಿವಕುಮಾರ, ಮಣ್ಣಿನಲ್ಲಿ ಮುಖವಿಟ್ಟುಕೊಂಡೇ.

ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವನು ತನ್ನ ತಲೆಗೆ ಹೊಳೆದ ದಾರಿ ಹಿಡಿದ. ಆ ಸೀಮೆಯಲ್ಲಿ ಯಾವುದಾದರೂ ಕೆಟ್ಟರೆ ಬೆಲ್ಲ ಹಾಕುತ್ತಾರೆ: ಸಾರು ಹುಳಿಯಾದರೆ ಬೆಲ್ಲ, ಕಷಾಯ ಕಹಿಯಾದರೆ ಬೆಲ್ಲ, ಬೀಗರು ಮುನಿದರೆ ಬೆಲ್ಲದ ಪಾನಕ. ನಾಗಂದಿಗೆಯ ಮೇಲೆ ಹಬ್ಬಕ್ಕೆಂದು ಇಟ್ಟಿದ್ದ ಬೆಲ್ಲದ ಅಚ್ಚುಗಳನ್ನೆಲ್ಲ ತಂದು ಡ್ರಮ್ಮಿಗೆ ಸುರಿದ. ಮೇಲೆ ಮುಚ್ಚಳ ಹಾಕಿ, ಕಬ್ಬಿಣದ ಪಟ್ಟಿ ಬಿಗಿದು, ಅದರ ಹಿಡಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ. ವಾಸನೆ ನಿಂತಿತು. ಬ್ಯಾರನ್ನಿನ ಒಲೆ ಗೋಡೆಯಾಚೆ ಧಗಧಗ ಉರಿಯುತ್ತಿತ್ತು. ಗೋಡೆ ಮುಟ್ಟಿದರೆ ಕೈ ಬಿಸಿಯಾಗುತ್ತಿತ್ತು. ಜೀವನದಲ್ಲಿ ಮೊದಲ ಸಲ ಸಮಸ್ಯೆಯೊಂದನ್ನು ತಾನೇ ಬಗೆಹರಿಸಿದೆನೆಂದು ಶಿವಕುಮಾರ ನೆಮ್ಮದಿಯಿಂದ ಮಲಗಿದ.

ಅಣ್ಣ ಹೇಳಿದ್ದ ದಿನ ಬೆಳಿಗ್ಗೆ ಪ್ರೇಮಕುಮಾರಿ ಮೊದಲ ಬಸ್ಸಿಗೆ ಬಂದಳು. ಗಂಡನ ಬೆರಳು ನೋಡಿದಳು. ಹೊಲಕ್ಕೆ ಹೋದಳು. ಡ್ರಮ್ಮಿನ ಹೊಟ್ಟೆ ತುಂಬುಬಸುರಿಯ ಹಾಗೆ ಊದಿತ್ತು. ಚಪ್ಪಟೆಯಾಗಿರಬೇಕಾದ ಮುಚ್ಚಳ ದೋಸೆಯ ಕಾವಲಿಯನ್ನು ಬೋರಲು ಹಾಕಿದಂತೆ ಉಬ್ಬಿತ್ತು. ಹತ್ತಿರ ಕಿವಿಯಿಟ್ಟರೆ ಒಳಗೆ ಸುಯ್ಯೆಂಬ ಸದ್ದು.

"ಏನ್ ಹಾಕಿದ್ರಿ ಇದಕ್ಕೆ?" ಎಂದು ಕೂಗಿದಳು.

"ಬೆಲ್ಲ ಕಣೆ" ಎಂದ ಶಿವಕುಮಾರ ಹಿತ್ತಲಿನಿಂದ, ಮೆಚ್ಚುಗೆ ನಿರೀಕ್ಷಿಸುತ್ತಾ.

"ಎಷ್ಟು?"

"ಎಲ್ಲಾ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಉದ್ದನೆಯ ಬಿದಿರಿನ ಗಳುವಿಗೆ ಮೊಳೆ ಕಟ್ಟಿ ದೂರದಿಂದ ಮುಚ್ಚಳಕ್ಕೆ ತೂತು ಮಾಡಬೇಕೆಂದು ಗಳು ಹುಡುಕಲು ತಿರುಗಿದಳು. ಬೇಲಿಯ ಬಾಗಿಲಲ್ಲಿ ಸಿದ್ದೇಶ್ವರ ನಿಂತಿದ್ದ. ಕೈಯಲ್ಲಿ ಸೌದೆ ಸೀಳುವ ಕೊಡಲಿ. ಅವನ ಹಿಂದೆ, ಒಲೆಯ ಹತ್ತಿರ, ನೀಲಾಂಬಿಕೆ.

"ಎಲ್ಲಮ್ಮಿ ನಿನ್ ಗಂಡ? ಮುಚ್ಚಳ ಹಾಕ್ಬುಟ್ರೆ ನಂಗ್ ಗೊತ್ತಾಗಲ್ಲ ಅಂದ್ಕಂಡ್ನಾ?" ವಾಸನೆ ಬರುತ್ತಿರಲಿಲ್ಲ. ಆದರೆ ಅವನು ನೋಡುತ್ತಿದ್ದದ್ದು ಮೊಗ್ಗುಗಳನ್ನು; ಅವುಗಳ ತುದಿಯಲ್ಲಿ ಹಳದಿ ಇಣುಕತೊಡಗಿತ್ತು. "ಮೊದ್ಲು ಡ್ರಮ್ಮು. ಆಮ್ಯಾಕೆ ಗಿಡ. ನಾಳಿಕೆ ನೀನು ಬ್ಯಾರನ್ನಿಗೆ."

ಕೊಡಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚತೊಡಗಿದ. ಡ್ರಮ್ಮನ್ನು ಹೊಡೆಯುವುದಕ್ಕೂ ಗಡಿಯಾರ ಬಿಚ್ಚಬೇಕೆ ಎಂದು ಬೇರೆಯವರಿಗಾದರೆ ಅನ್ನಿಸುತ್ತಿತ್ತು. ಪದ್ಧತಿ ಪದ್ಧತಿಯೇ.

ಗಡಿಯಾರದ ಪಟ್ಟಿ ಬಿಚ್ಚುವಷ್ಟು ಹೊತ್ತು ಪ್ರೇಮಕುಮಾರಿಗೆ ಸಿಕ್ಕಿತು. ಹೇಳಬೇಕಾದ ಮಾತು ಅವಳ ನಾಲಿಗೆಯ ಮೇಲೇ ಇತ್ತು: ಒಳಗೆ ಗಾಳಿ ತುಂಬಿಕೊಂಡಿದೆ, ಪಟ್ಟಿ ಬಿಟ್ಟರೆ ಮುಖಕ್ಕೆ ಹಾರುತ್ತದೆ. ಹಾಗೆ ಹೇಳಿದ್ದರೆ ಎಂಥ ಮೂರ್ಖನೂ ಹಿಂದೆ ಸರಿಯುತ್ತಿದ್ದ. ಅವಳ ಕೈ ತಾನಾಗಿ ಹುಬ್ಬಿನ ಮೇಲಿನ ಗಾಯದ ಗುರುತಿಗೆ ಹೋಯಿತು. ತೆಂಗಿನ ಮರದ ಹಿಂದಕ್ಕೆ ಸರಿದು ನಿಂತಳು.

"ಬಾವ, ಅದ ಮುಟ್ಬ್ಯಾಡಿ" ಎಂದಳು.

ಆ ಮನೆಗೆ ಬಂದು ಅವಳು ಕಲಿತದ್ದರಲ್ಲಿ ಅತಿ ಖಚಿತವಾದದ್ದು ಇದು: ಹೆಂಗಸರು ಬೇಡವೆಂದದ್ದನ್ನು ಸಿದ್ದೇಶ್ವರ ಮಾಡದೆ ಬಿಟ್ಟದ್ದಿಲ್ಲ.

"ಮುಟ್ದೆ ಕಣಮ್ಮಿ, ಏನೀಗ?" ಎಂದು ಅವನು ಡ್ರಮ್ಮಿನ ಮೇಲೆ ಬಗ್ಗಿ, ಪಟ್ಟಿಯ ಹಿಡಿಗೆ ಕೊಡಲಿಯ ತಲೆಯಿಂದ ಬಡಿದ.

ಸದ್ದು ಹೊಳೆಯಾಚೆಗೂ ಕೇಳಿತಂತೆ. ಮುಚ್ಚಳ ಮೇಲಕ್ಕೆ ಹಾರಲಿಲ್ಲ, ಓರೆಯಾಗಿ ಹಾರಿತು. ದಾರಿಯಲ್ಲಿ ಸಿದ್ದೇಶ್ವರನ ಗದ್ದ ಇತ್ತು. ಮೂಳೆ ಮುರಿದದ್ದು ಒಣ ತೆಂಗಿನ ಮಟ್ಟೆ ಮುರಿದ ಹಾಗೆ ಕೇಳಿಸಿತು. ಬಿಚ್ಚಿಕೊಂಡ ಪಟ್ಟಿ ಕೆನ್ನೆಯನ್ನು ಬಾಯಿಯಿಂದ ಕಿವಿಯವರೆಗೆ ಸೀಳಿತು. ಡ್ರಮ್ಮಿನೊಳಗಿದ್ದದ್ದೆಲ್ಲ ನೊರೆನೊರೆಯಾಗಿ ಮರದೆತ್ತರಕ್ಕೆ ಚಿಮ್ಮಿ ಬ್ಯಾರನ್ನಿನ ಗೋಡೆಗೆ, ಸೇವಂತಿಗೆಯ ಸಾಲಿಗೆ, ಬಿದ್ದವನ ಮೇಲೆ ಮಳೆಯಾಯಿತು. ಶಿವಕುಮಾರನ ಹಳೆ ಪಂಚೆಯ ಗೊಬ್ಬರದ ಗಂಟು ಎಲ್ಲಕ್ಕಿಂತ ಕೊನೆಗೆ ಇಳಿದು ಅಣ್ಣನ ಎದೆಯ ಮೇಲೆ ಧೊಪ್ಪನೆ ಕೂತಿತು.

ಸಿದ್ದೇಶ್ವರ ಕೂಗಲು ನೋಡಿದ. ಕೆಳದವಡೆ ಮೇಲಿನದರ ಮಾತು ಕೇಳಲಿಲ್ಲ. ಬಾಯಿಂದ ರಕ್ತ, ಹಲ್ಲು, ಕಂದು ನೊರೆ ಒಟ್ಟಿಗೆ ಬಂದವು.

"ಬಾಂಬ್ ಹಾಕ್ಬುಟ್ರು! ಬಾಂಬು!" ಎಂದು ಊರು ಓಡಿ ಬಂತು, ಮತ್ತು ಜಗಲಿಯಷ್ಟು ದೂರದಲ್ಲಿ ನಿಂತಿತು. ರಂಗಸ್ವಾಮಿ ಮಾತ್ರ ಹತ್ತಿರ ಬಂದು ಮೂಸಿ, "ಟೀ ಕಣ್ರಯ್ಯ" ಎಂದ.

ಕೊಣನೂರಿನಲ್ಲಿ ಹತ್ತಿ ತುರುಕಿದರು, ಅರಕಲಗೂಡಿನಲ್ಲಿ ಸೂಜಿ ಚುಚ್ಚಿದರು, ಹಾಸನದಲ್ಲಿ ದವಡೆಗೆ ತಂತಿ ಬಿಗಿದು ಬಾಯಿ ಹೊಲಿದ ಹಾಗೆ ಮಾಡಿ ಮಲಗಿಸಿದರು. ಇತ್ತ ಪೊಲೀಸಿನವರು ಬಂದರು. ಊರಿನ ಅರ್ಧ ಜನ ಪ್ರೇಮಕುಮಾರಿಯೇ ಮದ್ದಿಟ್ಟಳು ಎನ್ನುತ್ತಿದ್ದರು. ಇನ್ನರ್ಧ ಜನ ಅದನ್ನೇ ಸ್ವಲ್ಪ ಗೌರವದಿಂದ ಎನ್ನುತ್ತಿದ್ದರು. ಎಸ್ಸೈ ಒಡೆದ ಡ್ರಮ್ಮಿನೊಳಕ್ಕೆ ಬಗ್ಗಿ, ಕರ್ಚೀಫು ಮೂಗಿಗೆ ಹಿಡಿದು ಎದ್ದ.

"ಒಡಿಯುತ್ತೆ ಅಂತ ಗೊತ್ತಿತ್ತೇನಮ್ಮ ನಿಂಗೆ?"

"ಮುಟ್ಬ್ಯಾಡಿ ಅಂತ ಯೋಳ್ದೆ ಸಾ."

"ಯಾರು ಕೇಳಿದ್ದು?"

"ನಾನು ಕೇಳ್ದೆ ಸಾ" ಎಂದಳು ನೀಲಾಂಬಿಕೆ. ಅವಳ ಸೀರೆಯ ಮೇಲೆ ಗಂಡನ ರಕ್ತ ಇನ್ನೂ ಒಣಗಿರಲಿಲ್ಲ. "ನನ್ ಕಿವಿಯಾರೆ ಕೇಳ್ದೆ. ಮುಟ್ಬ್ಯಾಡಿ ಬಾವ ಅಂದ್ಲು."

"ಅಷ್ಟೇನಾ ಅಂದಿದ್ದು?"

"ಅಷ್ಟೇಯ. ಅದಕ್ಕಿಂತ ಇನ್ನೇನು ಅನ್ಬೇಕಿತ್ತು ಸಾ? ಕೇಳೋ ಮನ್ಸನಿಗೆ ಅಷ್ಟು ಸಾಕು." ಅವಳು ಪ್ರೇಮಕುಮಾರಿಯ ಕಡೆ ನೋಡಲಿಲ್ಲ. ಪ್ರೇಮಕುಮಾರಿಯೂ ನೆಲ ನೋಡುತ್ತಿದ್ದಳು. ಎಸ್ಸೈ ಇಬ್ಬರನ್ನೂ ಒಂದು ಗಳಿಗೆ ನೋಡಿ, ಜೀಪಿಗೆ ಹೋಗಿ ನೀರು ಕುಡಿದ.

ಹುಳಿಯಾದ ಟೀ ನೇರ ಬಿದ್ದ ಮುಂದಿನ ಸಾಲುಗಳು ಸುಟ್ಟಂತೆ ಕರಿದಾದವು. ಪ್ರೇಮಕುಮಾರಿ ಹಳೆಯ ಹಂಡೆಯಲ್ಲಿ ಹೊಸ ಟೀ ಮಾಡಿ, ಅದರ ಬಾಯಿಗೆ ತೆಳ್ಳನೆ ಬಟ್ಟೆಯೊಂದನ್ನೇ ಕಟ್ಟಿ, ಕರೆಂಟು ಹೋದಾಗೆಲ್ಲ ಕೋಲಿನಿಂದ ಕದಡುತ್ತಾ ಕೂತು ಹಿಂದಿನ ಸಾಲುಗಳನ್ನು ಸಾಕಿದಳು. ಮಾರ್ನಮಿಗೆ ಅವು ಬಿರಿದವು. ಹೂ ಬಿಡಿಸುವಾಗ ಗಿಡದ ಬುಡದಲ್ಲಿ ಒಂದು ಹಲ್ಲು ಸಿಕ್ಕಿತು. ತಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದಳು. ರಜನೀಶ ಮೊಂಡು ಕಿವಿ ಸವರಿಕೊಂಡು, "ಮುಂದಿಂದಾ, ದವಡೇದಾ?" ಎಂದು ಕೇಳಿದ.

ಹಬ್ಬದ ಮಾರನೆಯ ದಿನ ಸಿದ್ದೇಶ್ವರ ಬೇಲಿ ದಾಟಿ ಬಂದ. ತಂತಿ ಬಿಗಿದ ಬಾಯಿ. ಗಂಜಿಯ ಮೇಲಿದ್ದು ಇಳಿದುಹೋಗಿದ್ದ ಮೈ. ಕೆನ್ನೆಯ ಮೇಲೆ ಜರಿಯಂಥ ಹೊಲಿಗೆ. ಮಾತು ಬರದಿದ್ದರೂ ಅರ್ಥವಾಯಿತು: ಸತ್ತ ಮುಂದಿನ ಸಾಲುಗಳನ್ನು ತೋರಿಸಿದ, ಬ್ಯಾರನ್ನಿನ ಬಾಗಿಲು ತೋರಿಸಿದ. ಅಲ್ಲಿ ಕೊನೆಯ ಕೊಯ್ಲಿನ ಸೊಪ್ಪಿನ ರಾಶಿಯ ಮುಂದೆ ನೀಲಾಂಬಿಕೆ ಒಬ್ಬಳೇ ಕೂತು ಕಡ್ಡಿ ಕಟ್ಟುತ್ತಿದ್ದಳು.

"ಹಿಂದ್ಲು ಸಾಲಲ್ಲಿ ಹೂವ ಬಂದು ಮಾರ್ಕೆಟ್ಗೂ ವೋದ್ವು ಬಾವ" ಎಂದಳು ಪ್ರೇಮಕುಮಾರಿ. "ನಾ ಬರಕಿಲ್ಲ."

ಸಿದ್ದೇಶ್ವರ ಅವಳ ಜಡೆಗೆ ಕೈ ಹಾಕಿ ಒಂದು ಸುತ್ತು ಸುತ್ತಿ ಎಳೆದ. ಅವಳು ಮಂಡಿಯೂರಿ ಬಿದ್ದಳು. ಸಾಲಿನ ನಡುವೆ ನಿಂತಿದ್ದ ಶಿವಕುಮಾರ ಬಾಯಿ ತೆರೆದ. ಅಭ್ಯಾಸಬಲದಿಂದ "ಆಯ್ತಣ್ಣ" ಬಂದೀತೆಂದು ಹೆದರಿ ಮುಚ್ಚಿದ. ಹೊಸ್ತಿಲ ಕಲ್ಲು ಹತ್ತಿರವಾಯಿತು. ಅಲ್ಲಿ ಸಿದ್ದೇಶ್ವರ ನಿಂತ. ಗಡಿಯಾರ ಇನ್ನೂ ಕೈಯಲ್ಲಿತ್ತು. ಜಡೆಯನ್ನು ಕಾಲಿನಿಂದ ತುಳಿದು ಹಿಡಿದು ಪಟ್ಟಿ ಬಿಚ್ಚತೊಡಗಿದ.

"ಅವಳ ಮುಟ್ಬ್ಯಾಡಿ."

ಕೂಗಿದ್ದಲ್ಲ, ಸಾರಿಗೆ ಉಪ್ಪು ಸಾಕೇ ಎಂದು ಕೇಳುವ ದನಿ. ನೀಲಾಂಬಿಕೆ ಬಾಗಿಲಿಗೆ ಬಂದಿದ್ದಳು. ಅವಳ ಹಿಂದೆ, ಅರ್ಧ ಕಟ್ಟಿ ಬಿಟ್ಟ ದಾರ ಬಿಚ್ಚಿಕೊಳ್ಳುತ್ತಾ ಸೊಪ್ಪೆಲ್ಲ ನೆಲಕ್ಕೆ ಸುರಿಯುತ್ತಿತ್ತು.

ಸಿದ್ದೇಶ್ವರನ ಬೆರಳು ಪಟ್ಟಿಯ ಮೇಲೆ ನಿಂತಿತು. ಅವನು ಗೋಡೆ ನೋಡಿದ, ಮರ ನೋಡಿದ, ಬಟ್ಟೆ ಕಟ್ಟಿದ ಹಂಡೆ ನೋಡಿದ. ಆ ಮಾತು ಹೋದ ಸಲ ಕಿವಿಗೆ ಬಿದ್ದಾಗ ಅವನ ಬಾಯಲ್ಲಿ ಹಲ್ಲಿದ್ದವು. ಕೆನ್ನೆಯ ಹೊಲಿಗೆ ಅದುರಿತು. ಕಾಲು ಜಡೆಯಿಂದ ಮೆಲ್ಲಗೆ ಎದ್ದಿತು. ಗಡಿಯಾರದ ಪಟ್ಟಿಯನ್ನು ಮತ್ತೆ ಹಾಕಿಕೊಳ್ಳಲು ನೋಡಿದ; ಕೊಂಡಿ ಕೂರಲೊಲ್ಲದು.

ಪ್ರೇಮಕುಮಾರಿ ಎದ್ದು ಮಣ್ಣು ಕೊಡವಿಕೊಂಡಳು, ಹೊಸ್ತಿಲ ಈಚೆಗೇ. ನೀಲಾಂಬಿಕೆ ಗಂಡನನ್ನು ಬಳಸಿಕೊಂಡು ಹೊರಗೆ ಬಂದು, ಹಂಡೆಯ ಬಟ್ಟೆ ಸರಿಸಿ ಮೂಸಿದಳು.

"ಪ್ರೇಮ, ನಂಗೂ ಒಂದ್ ಬಕೀಟು ಕೊಡೆ. ಇತ್ಲಲ್ಲಿ ಕನಕಾಂಬ್ರ ಆಕಿವ್ನಿ."

"ತಕಳಿ ಅಕ್ಕ. ಮಾಡದ್ನೂ ತೋರುಸ್ಕೊಡ್ತೀನಿ. ಬೆಲ್ಲ ಒಂದ್ ಹಿಡಿ, ಅಷ್ಟೇಯ."

"ಅದು ಗಿಡಕ್ಕಾಕದು" ಎಂದಳು ನೀಲಾಂಬಿಕೆ, ಕೊಂಡಿಯೊಂದಿಗೆ ಇನ್ನೂ ಒದ್ದಾಡುತ್ತಿದ್ದ ಗಂಡನನ್ನು ನೋಡುತ್ತಾ. "ಅವತ್ತು ಶಿವಣ್ಣ ಎಷ್ಟು ಆಕಿತ್ತು ಅಂತ ವಸಿ ಕೇಳಿ ಯೋಳು."